ಫೋರ್ಟೂ ಪೋರ್ಟೂ

ಮುಂಬಯಿಯಲ್ಲಿ ‘ಫೋರ್ಟ್’ ಎಂದು ಹೆಸರಾದ ಪ್ರದೇಶವನ್ನು ಎಷ್ಟು ಸುತ್ತಿದರೂ ಕೋಟೆಯ ಗೋಡೆ ಕಣ್ಣಿಗೆ ಬೀಳುವುದಿಲ್ಲ. ಒಂದು ಕಾಲಕ್ಕೆ ಅದು ಇದ್ದುದು ನಿಜ. ಈಸ್ಟ್ ಇಂಡಿಯಾ ಕಂಪೆನಿಯವರು ಪಟ್ಟಣದ ಸುತ್ತ ಗೋಡೆಯೆಬ್ಬಿಸಿ ಅದಕ್ಕೆ ಮೂರು ಬಾಗಿಲುಗಳನ್ನು ಇರಿಸಿದ್ದರು: ಅಪೊಲೊ ಗೇಟ್, ಚರ್ಚ್ ಗೇಟ್, ಬಜಾರ್ ಗೇಟ್. ಬೆಳೆಯುತ್ತಿದ್ದ ಊರಿಗೆ ಗೋಡೆ ಬಿಗಿಯಾದ ಅಂಗಿಯಂತಾಗಲು, 1860ರ ದಶಕದಲ್ಲಿ, ಸರ್ ಬಾರ್ಟಲ್ ಫ್ರಿಯರ್ ಗವರ್ನರರಾಗಿದ್ದಾಗ, ಅದನ್ನು ಕೆಡವಿಹಾಕಿದರು. ಕಲ್ಲು ಹೋಯಿತು, ಹೆಸರು ಮಾತ್ರ ಕುಳಿತ ಜಾಗದಿಂದ ಏಳಲಿಲ್ಲ. ಇಂದಿಗೂ ಜನರು ಇಲ್ಲದ ಬಾಗಿಲಿನ ಹೆಸರು ಹೇಳಿ ಚರ್ಚ್‌ಗೇಟಿಗೆ ಟಿಕೇಟು ಕೊಳ್ಳುತ್ತಾರೆ. ಹಳೆಯ ಮರಾಠಿ ಮನೆತನದವರು ಈ ಭಾಗವನ್ನು ‘ಕೋಟ’ ಎಂದೇ ಕರೆಯುತ್ತಿದ್ದರು. ನಮ್ಮ ಕೋಟೆಯೂ ಅದೇ ಬಳಗದ ಮಾತು.

ಇಂಗ್ಲಿಷಿಗೂ ಕನ್ನಡದ ಹುಡುಗರಿಗೂ ಜಟಾಪಟಿ ನಡೆದ ಸ್ಥಳವೂ ಈ ಫೋರ್ಟೇ. ಮೊಗವೀರ ವ್ಯವಸ್ಥಾಪಕ ಮಂಡಳಿಯವರು 1908ರಲ್ಲಿ ಮುಂಬಯಿಯಲ್ಲಿ ರಾತ್ರಿಶಾಲೆ ತೆರೆದ ಮೇಲೆ, ಮುಂದಿನ ದಶಕಗಳಲ್ಲಿ ಕರಾವಳಿಯ ಬೇರೆ ಬೇರೆ ಸಮಾಜದವರೂ ಅಂಥ ಶಾಲೆಗಳನ್ನು ನಡೆಸಿದರು. ಫೋರ್ಟಿನ ಓಣಿಗಳಲ್ಲಿಯೇ ಹಲವು ಇದ್ದುವು. ಹಗಲು ಹೋಟೆಲುಗಳಲ್ಲಿ, ಕಚೇರಿಯ ಕ್ಯಾಂಟೀನುಗಳಲ್ಲಿ ದುಡಿದ ಹುಡುಗರು ಸಂಜೆ ಕೈಕಾಲು ತೊಳೆದು, ಪುಸ್ತಕ ಹಿಡಿದು ಅಲ್ಲಿಗೆ ಬರುತ್ತಿದ್ದರು. ನಾವು ಅಂಥದೊಂದು ಶಾಲೆಯಲ್ಲಿ ಕೆಲವು ವರ್ಷ ಇಂಗ್ಲಿಷು ಪಾಠ ಹೇಳುತ್ತಿದ್ದೆವು. ಗಣಿತದ ಮುಂದೆ ಧೈರ್ಯವಾಗಿ ನಿಲ್ಲುತ್ತಿದ್ದ, ಚರಿತ್ರೆಯನ್ನು ಕಥೆಯಂತೆ ಒಪ್ಪಿಸುತ್ತಿದ್ದ ಹುಡುಗರು ಇಂಗ್ಲಿಷು ಪುಸ್ತಕ ತೆರೆದೊಡನೆ ತಲೆ ತಗ್ಗಿಸುತ್ತಿದ್ದುದನ್ನು ನೋಡಿ ನಮಗೆ ಮರುಕವಾಗುತ್ತಿತ್ತು. ಅವರ ತಪ್ಪುಗಳನ್ನು ಗುರುತು ಹಾಕಿಕೊಳ್ಳುತ್ತ ಹೋದ ಹಾಗೆ ನಮಗೆ ಬೇರೊಂದು ಸಂಗತಿ ಹೊಳೆಯಿತು: ಆ ತಪ್ಪುಗಳಲ್ಲಿ ಬಹುಪಾಲು ಬುದ್ಧಿಯಿಲ್ಲದೆ ಆದುವಲ್ಲ, ಕನ್ನಡವು ಚೆನ್ನಾಗಿ ಬರುತ್ತಿದ್ದುದರಿಂದಲೇ ಆದುವು!

ಮೊದಲನೆಯ ಉದಾಹರಣೆ ಬೀದಿಯ ಹೆಸರಿನಲ್ಲಿಯೇ ಇದೆ. ಕೆಲವರ ಬಾಯಲ್ಲಿ ‘ಫೋರ್ಟ್’ ಎಂಬುದು ‘ಪೋರ್ಟ್’ ಆಗಿಯೇ ಹೊರಡುತ್ತಿತ್ತು. ಬೇರೆ ಊರಾದರೆ ಚಿಂತೆಯಿರಲಿಲ್ಲ. ಇಲ್ಲಿ ನಾಲ್ಕು ಹೆಜ್ಜೆ ಪೂರ್ವಕ್ಕೆ ನಡೆದರೆ ನಿಜವಾಗಿಯೂ ಪೋರ್ಟ್ ಇದೆ, 1873ರಲ್ಲಿ ಅದರ ಆಡಳಿತಕ್ಕೆಂದು ಪೋರ್ಟ್ ಟ್ರಸ್ಟ್ ಹುಟ್ಟಿಕೊಂಡಿತು. ಎರಡು ಮಾತುಗಳೂ ಲ್ಯಾಟಿನ್ ಭಾಷೆಯಿಂದ ಬಂದವು, ಆದರೆ ಒಂದೇ ಮನೆಯವಲ್ಲ. ‘ಫೋರ್ಟಿಸ್’ ಎಂದರೆ ಬಲವುಳ್ಳದ್ದು. ಫೋರ್ಟ್, ಫೋರ್ಸ್ ಎಂಬ ಮಾತುಗಳು ಅದರ ಮಕ್ಕಳು. ಎಫರ್ಟ್ ಎಂಬುದೂ ಅದರದೇ, ಕಂಫರ್ಟ್ ಕೂಡ – ಮೊದಲು ಅದರ ಅರ್ಥ ಸುಖವಲ್ಲ, ಬಲ ಕೊಡುವುದು. ‘ಪೋರ್ಟಸ್’ ಎಂದರೆ ಬಂದರು. ಆಪರ್ಚುನಿಟಿ ಎಂಬ ದೊಡ್ಡ ಮಾತಿನೊಳಗೆ ಈ ಬಂದರು ಅಡಗಿ ಕುಳಿತಿದೆ: ಹಡಗನ್ನು ಬಂದರಿನ ಕಡೆಗೆ ತಳ್ಳುವ ಅನುಕೂಲವಾದ ಗಾಳಿಯೇ ಅದರ ಮೂಲಾರ್ಥ. ಮಲ್ಪೆ, ಮಂಗಳೂರುಗಳಿಂದ ಹಡಗು ಹತ್ತಿ ಈ ಬಂದರಿನಲ್ಲಿಳಿದವರ ಮಕ್ಕಳಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ನಾಲಗೆ ಏಕೆ ತೊಡರುತ್ತದೆ? ಕನ್ನಡದ ‘ಫ’ ಕಾರವು ‘ಪ’ಕಾರದ ಮಹಾಪ್ರಾಣ. ತುಟಿಗೆ ತುಟಿ ತಾಗಿಸಿ, ಉಸಿರನ್ನು ಜೋರಾಗಿ ಬಿಟ್ಟರೆ ಅದು ಬರುತ್ತದೆ. ಇಂಗ್ಲಿಷಿನ ‘ಎಫ್’ ಹಾಗಲ್ಲ. ಮೇಲಿನ ಹಲ್ಲು ಕೆಳದುಟಿಯನ್ನು ಮುಟ್ಟಬೇಕು. ಆ ಧ್ವನಿ ನಮ್ಮ ಅಚ್ಚಗನ್ನಡದ ಮಾತುಗಳಲ್ಲಿ ಇಲ್ಲವೇ ಇಲ್ಲ. ಇಲ್ಲದ ಧ್ವನಿಗೆ ಹತ್ತಿರದ ಧ್ವನಿಯನ್ನು ನಾಲಗೆ ಹುಡುಕಿಕೊಳ್ಳುತ್ತದೆ, ಅಷ್ಟೆ. ಅಲ್ಲದೆ ‘ಪ’ಕಾರದ ಚಂಚಲತೆ ನಮ್ಮ ಭಾಷೆಗೆ ಹೊಸದೇನಲ್ಲ. ಹಳಗನ್ನಡದ ‘ಪಾಲ್’ ಹೊಸಗನ್ನಡದಲ್ಲಿ ‘ಹಾಲು’ ಆಯಿತು, ‘ಪೂ’ ಎಂಬುದು ‘ಹೂ’ ಆಯಿತು. ಮನೆಯಲ್ಲಿ ತುಳುವಾಡುವ ವಿದ್ಯಾರ್ಥಿಗಳಿಗೆ ಇದು ಚೆನ್ನಾಗಿ ಗೊತ್ತು. ಅವರ ಅಮ್ಮ ಇಂದಿಗೂ ಮುಡಿಯುವುದು ‘ಪೂ’ವನ್ನೇ. ಯುರೋಪಿನಲ್ಲಿಯೂ ಹೀಗೆಯೇ ಆಗಿದೆ. ಸಂಸ್ಕೃತದ ‘ಪಾದ’, ‘ಪಿತೃ’ಗಳಲ್ಲಿರುವ ‘ಪ’ಕಾರವು ಇಂಗ್ಲಿಷಿನಲ್ಲಿ ‘ಫುಟ್’, ‘ಫಾದರ್’ ಎಂದು ‘ಎಫ್’ ಆಗಿ ನಿಂತಿದೆ. ಈ ಮಾರ್ಪಾಟಿನ ಕ್ರಮವನ್ನು 1822ರಲ್ಲಿ ಜರ್ಮನಿಯ ಯಾಕೋಬ್ ಗ್ರಿಮ್ ವಿವರಿಸಿದರು. ಮಕ್ಕಳ ಕಥೆಗಳನ್ನು ಸಂಗ್ರಹಿಸಿದ ಗ್ರಿಮ್ ಸೋದರರಲ್ಲಿ ಹಿರಿಯರು ಇವರೇ. ಎಂದ ಮೇಲೆ ‘ಪೋರ್ಟ್’ ಎಂದವನನ್ನು ನೋಡಿ ನಗುವವನು ಭಾಷೆಗಳ ಚರಿತ್ರೆಯನ್ನು ಅರಿಯದವನು. ಹಾಗೆಂದು ತಿದ್ದದೆ ಬಿಡಬೇಕೆಂದಲ್ಲ. ಕನ್ನಡಿಯ ಮುಂದೆ ನಿಂತು ಕೆಳದುಟಿ ಕಚ್ಚಿಕೊಂಡು ಹತ್ತು ಸಲ ಹೇಳಿದರೆ ಒಂದು ವಾರದಲ್ಲಿ ಸರಿಹೋಗುತ್ತದೆ.

ಕೋಟೆಯ ಚರ್ಚ್ ಗೇಟ್ ಇದ್ದ ಎಡೆಯಲ್ಲಿ ಈಗ ಫ್ಲೋರಾ ಫೌಂಟನ್ ಇದೆ, 1864ರದು. ಫ್ಲೋರಾ ಎಂಬವಳು ರೋಮನರ ಹೂವಿನ ದೇವತೆ. ಅವಳ ಪಾದದ ಬಳಿ ನಿಂತು ಒಂದು ಜೋಡಿಯನ್ನು ಕಲಿತುಕೊಳ್ಳಬಹುದು. ಹೂವಿಗೂ ಹಿಟ್ಟಿಗೂ ಇಂಗ್ಲಿಷಿನಲ್ಲಿ ಉಚ್ಚಾರ ಒಂದೇ: ಫ್ಲವರ್. ಬರೆಯುವಾಗ ಹೂವಿಗೆ ‘ಒ-ಡಬ್ಲ್ಯು-ಇ-ಆರ್’, ಹಿಟ್ಟಿಗೆ ‘ಒ-ಯು-ಆರ್’. ಮಕ್ಕಳು ಇವನ್ನು ಅದಲುಬದಲು ಮಾಡಿದರೆ ಆಶ್ಚರ್ಯವಿಲ್ಲ, ಏಕೆಂದರೆ ಮೂಲದಲ್ಲಿ ಇವೆರಡೂ ಒಂದೇ ಮಾತು! ಬೀಸಿದ ಧಾನ್ಯದಲ್ಲಿ ಅತ್ಯಂತ ನಯವಾದ ಭಾಗವೇ ಅದರ ಹೂವು ಎಂದು ಇಂಗ್ಲಿಷರು ಭಾವಿಸಿದರು. ಬಹಳ ಕಾಲ ಎರಡನ್ನೂ ಒಂದೇ ರೀತಿ ಬರೆಯುತ್ತಿದ್ದರು. ಇಡ್ಲಿಯನ್ನು ಮಲ್ಲಿಗೆ ಹೂವಿಗೆ ಹೋಲಿಸುವ ನಮಗೆ ಇದು ವಿಚಿತ್ರವಾಗಿ ಕಾಣಬೇಕಾದುದಿಲ್ಲ.

ಅಲ್ಲಿಂದ ಮುಂದೆ ಕಾಗದ-ಲೇಖನಿಗಳ ಅಂಗಡಿ ಸಿಕ್ಕರೆ ಫಲಕದ ಮೇಲಿನ ‘ಸ್ಟೇಷನರಿ’ ಎಂಬುದನ್ನು ಗಮನಿಸಿ. ಇದರಲ್ಲಿ ‘ಇ-ಆರ್-ವೈ’, ನಿಶ್ಚಲವಾದ ವಸ್ತುವಿಗೆ ಹೇಳುವ ಸ್ಟೇಷನರಿಯಲ್ಲಿ ‘ಎ-ಆರ್-ವೈ’. ಇವೂ ಒಡಹುಟ್ಟಿದವುಗಳೇ. ಯುರೋಪಿನ ಹಳೆಯ ಪಟ್ಟಣಗಳಲ್ಲಿ ಹೆಚ್ಚಿನ ವ್ಯಾಪಾರಿಗಳು ಸರಕು ಹೊತ್ತು ತಿರುಗುತ್ತಿದ್ದರು. ಪುಸ್ತಕ ಮಾರುವವನು ಮಾತ್ರ ಒಂದೆಡೆ ಅಂಗಡಿಯಿಟ್ಟು ಕೂರುತ್ತಿದ್ದನು. ಕದಲದೆ ಕುಳಿತವನು ಸ್ಟೇಷನರ್, ಅವನ ಸರಕು ಸ್ಟೇಷನರಿ.

ಫೋರ್ಟಿನ ಮಾತುಗಳಲ್ಲಿ ನಮಗೆ ಅತ್ಯಂತ ಪ್ರಿಯವಾದದ್ದು ಆಲದ ಮರ. ಹಾರ್ನಿಮನ್ ಸರ್ಕಲಿನ ಬಳಿ, 1833ರಲ್ಲಿ ಕಟ್ಟಿ ಮುಗಿಸಿದ ಟೌನ್ ಹಾಲಿನ ಎದುರು ಆಲದ ಮರಗಳಿದ್ದುವು. 1850ರ ದಶಕದಲ್ಲಿ ಷೇರು ದಲ್ಲಾಳಿಗಳು ಅವುಗಳ ನೆರಳಿನಲ್ಲಿ ಸೇರಿ ವ್ಯವಹಾರ ಮಾಡುತ್ತಿದ್ದರು. 1875ರಲ್ಲಿ ಅವರದೊಂದು ಸಂಘವಾಗಿ, ಅದೇ ಇಂದಿನ ಮುಂಬಯಿಯ ಷೇರು ವಿನಿಮಯ ಕೇಂದ್ರವಾಯಿತು. ಅದರ ಬೀದಿಗೆ ದಲಾಲ್ ಸ್ಟ್ರೀಟ್ ಎಂಬ ಹೆಸರೇ ನಿಂತಿತು. ಸೊಗಸೇನೆಂದರೆ, ಆಲದ ಮರಕ್ಕೆ ಇಂಗ್ಲಿಷಿನವರು ಇಟ್ಟ ‘ಬ್ಯಾನಿಯನ್’ ಎಂಬ ಹೆಸರಿನ ಅರ್ಥವೇ ವ್ಯಾಪಾರಿ! ಗುಜರಾತಿಯ ‘ವಾಣಿಯೋ’ ಎಂಬ ಮಾತು ಪೋರ್ಚುಗೀಜರ ಬಾಯಲ್ಲಿ ತಿರುಗಿ ಇಂಗ್ಲಿಷರಿಗೆ ಬಂದಿತು. ಪರ್ಶಿಯಾದ ಕೊಲ್ಲಿಯ ಬಂದರೊಂದರಲ್ಲಿ ನಮ್ಮ ದೇಶದ ವರ್ತಕರು ಇಂಥ ಮರದಡಿಯಲ್ಲಿ ಗುಡಿ ಕಟ್ಟಿಕೊಂಡಿದ್ದರಂತೆ. ಅದನ್ನು ಕಂಡ ಯುರೋಪಿನ ಪ್ರವಾಸಿಗಳು ‘ವಾಣಿಯರ ಮರ’ ಎಂದರು. ಕಡೆಗೆ ವಾಣಿಯರು ಹೋಗಿ ಮರವೇ ವಾಣಿಯವಾಯಿತು. ನಾವು ಅಂಗಿಯೊಳಗೆ ತೊಡುವ ಬನಿಯನ್ನಿಗೂ ಅದೇ ಮೂಲ: ಆ ವರ್ತಕರ ಉಡುಪಿನಿಂದ ಬಂದ ಹೆಸರು. ಇನ್ನೂ ಹಿಂದಕ್ಕೆ ಹೋದರೆ ಸಂಸ್ಕೃತದ ‘ವಣಿಜ’. ಕನ್ನಡದಲ್ಲಿ ಅದರ ತದ್ಭವ ‘ಬಣಜಿಗ’. ಐಹೊಳೆಯ ಐನೂರ್ವರೆಂಬ ವರ್ತಕ ಸಂಘದವರು ತಮ್ಮ ಶಾಸನಗಳಲ್ಲಿ ಹೆಮ್ಮೆಯಿಂದ ಕೆತ್ತಿಸಿಕೊಂಡ ‘ವೀರಬಣಂಜು ಧರ್ಮ’ದಲ್ಲಿಯೂ ಇದೇ ಮಾತು ಇದೆ. ಐಹೊಳೆಯ ಶಿಲೆ, ಫೋರ್ಟಿನ ಮರ, ಹುಡುಗನ ಮೈಮೇಲಿನ ಬನಿಯನ್ನು – ಈ ಮೂರರ ನೆಂಟಸ್ತಿಕೆಯನ್ನು ಹೇಳಿದ ದಿನ ತರಗತಿಯಲ್ಲಿ ಯಾರೂ ತೂಕಡಿಸಲಿಲ್ಲ.

ಆದರೆ ಕಿವಿಗೆ ಹತ್ತಿರವಾದುದೆಲ್ಲ ನೆಂಟತನವಲ್ಲ. ‘ಟಿಫಿನ್’ ಎಂಬುದು ನಮ್ಮ ‘ತಿಂಡಿ’ಯಿಂದ ಬಂದಿರಬೇಕೆಂದು ಒಬ್ಬ ಜಾಣ ಹುಡುಗ ವಾದಿಸಿದನು. ಅದು ಇಂಗ್ಲಿಷಿನ ಹಳೆಯ ಆಡುಮಾತು, ಗುಟುಕರಿಸುವುದೆಂಬ ಅರ್ಥದ್ದು; ತನ್ನ ದೇಶದಲ್ಲಿ ಸೊರಗಿ ನಮ್ಮ ದೇಶದಲ್ಲಿ ಕೊಬ್ಬಿತು. ‘ಗೋಡೌನ್’ ಎಂದರೆ ಕೆಳಗಿಳಿದು ಹೋಗುವ ಜಾಗವಿರಬೇಕೆಂದು ಇನ್ನೊಬ್ಬನ ಊಹೆ. ಅದು ಮಲಯ ಭಾಷೆಯ ‘ಗುದಾಂಗ್’. ಅದರ ಬೇರು ನಮ್ಮ ದಕ್ಷಿಣದ ನುಡಿಗಳಲ್ಲಿಯೇ ಇದೆಯೆಂದು ಪಂಡಿತರ ಅಭಿಪ್ರಾಯ. ಹಲಸಿನ ಹಣ್ಣಿನ ಇಂಗ್ಲಿಷ್ ಹೆಸರಿನಲ್ಲಿರುವ ‘ಜ್ಯಾಕ್’ ಯಾವ ದೊರೆಯೂ ಅಲ್ಲ, ಮಲಯಾಳದ ‘ಚಕ್ಕ’. ‘ಅಡಿಕೆ’, ‘ಕೊಬ್ಬರಿ’, ‘ತೇಗ’ ಎಂಬ ನಮ್ಮ ಪಶ್ಚಿಮ ಕರಾವಳಿಯ ಮಾತುಗಳ ಮಲಯಾಳದ ರೂಪಗಳು ಪೋರ್ಚುಗೀಜರ ಹಡಗು ಹತ್ತಿ, ಅರೆಕ, ಕೊಪ್ರ, ಟೀಕ್ ಎಂದು ಇಂಗ್ಲಿಷಿನಲ್ಲಿ ಇಳಿದುವು. ಅದೇ ಹಡಗಿನಲ್ಲಿ ನಮಗೆ ಬಂದದ್ದೂ ಉಂಟು: ನಾವು ಬರೆಯುವ ಮೇಜು, ಬೀಗದ ಚಾವಿ, ಎರಡೂ ಪೋರ್ಚುಗೀಜ್ ಮಾತುಗಳೇ.

ಕಿವಿ ತಪ್ಪುವುದು ನಮ್ಮವರಿಗೆ ಮಾತ್ರ ಎಂದು ತಿಳಿಯಬಾರದು. ಇಂಥ ಮಾತುಗಳನ್ನೆಲ್ಲ ಕೂಡಿಸಿ ಯೂಲ್ ಮತ್ತು ಬರ್ನೆಲ್ ಎಂಬವರು 1886ರಲ್ಲಿ ಪ್ರಕಟಿಸಿದ ಕೋಶದ ಹೆಸರು ‘ಹಾಬ್ಸನ್-ಜಾಬ್ಸನ್’. ಇದು ಯಾವ ಇಬ್ಬರು ಇಂಗ್ಲಿಷರ ಹೆಸರೂ ಅಲ್ಲ. ಮೊಹರಮ್ಮಿನ ಮೆರವಣಿಗೆಯಲ್ಲಿ ಭಕ್ತರು ‘ಯಾ ಹಸನ್! ಯಾ ಹುಸೇನ್!’ ಎಂದು ಕೂಗುತ್ತಿದ್ದುದನ್ನು ಬಿಳಿಯ ಸಿಪಾಯಿಗಳು ತಮ್ಮ ಕಿವಿಗೆ ಒಗ್ಗಿಸಿಕೊಂಡ ಬಗೆ ಅದು. ನಮ್ಮ ಹುಡುಗನ ‘ಪೋರ್ಟ್’ ಇದರ ಮುಂದೆ ಎಷ್ಟರದು?

ಇನ್ನು ಕನ್ನಡದ ಒಂದು ಮಾತಿಗೆ ಇಂಗ್ಲಿಷಿನಲ್ಲಿ ನಾಲ್ಕು ಇರುವ ಕಷ್ಟ. ನಮ್ಮ ‘ಕೇಳು’ ಎಂಬುದನ್ನು ನೋಡಿ. ಸದ್ದು ಕೇಳುತ್ತದೆ, ಪಾಠ ಕೇಳುತ್ತೇವೆ, ಪ್ರಶ್ನೆ ಕೇಳುತ್ತೇವೆ, ತಾಯಿಯ ಮಾತು ಕೇಳುತ್ತೇವೆ. ಇಂಗ್ಲಿಷಿನವನು ಇವಕ್ಕೆ ಕ್ರಮವಾಗಿ ಹಿಯರ್, ಲಿಸನ್, ಆಸ್ಕ್, ಒಬೇ ಎಂದು ನಾಲ್ಕು ಬೇರೆ ಬೇರೆ ಡಬ್ಬಿಗಳನ್ನು ಇಟ್ಟುಕೊಂಡಿದ್ದಾನೆ. ‘ಸಾಲ’ವೂ ಹಾಗೆಯೇ. ನಮ್ಮಲ್ಲಿ ಸಾಲ ಒಂದೇ, ಕೊಡುವುದು ತೆಗೆದುಕೊಳ್ಳುವುದು ಬೇರೆ. ಅವರಲ್ಲಿ ಕೊಡುವವನಿಗೆ ಲೆಂಡ್, ತೆಗೆದುಕೊಳ್ಳುವವನಿಗೆ ಬಾರೋ ಎಂದು ಕ್ರಿಯಾಪದಗಳೇ ಬೇರೆ. ಲೆಕ್ಕ ಯಾವಾಗಲೂ ಅವರ ಕಡೆಗೇ ವಾಲುವುದಿಲ್ಲ. ನಾವು ಸೀರೆ ಉಡುತ್ತೇವೆ, ಅಂಗಿ ತೊಡುತ್ತೇವೆ, ಹೂ ಮುಡಿಯುತ್ತೇವೆ, ಕುಂಕುಮ ಇಡುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ. ಇಂಗ್ಲಿಷಿನವನು ಬಡಪಾಯಿ, ಎಲ್ಲಕ್ಕೂ ‘ವೇರ್’ ಎಂದು ಮುಗಿಸುತ್ತಾನೆ. ಕನ್ನಡ ಕಲಿಯಹೊರಟ ಇಂಗ್ಲಿಷರ ಗತಿಯನ್ನು ನೆನೆದು ನಮ್ಮ ಹುಡುಗರು ಸಮಾಧಾನ ಪಡುತ್ತಿದ್ದರು.

ಬಿಡಿ ಮಾತಿಗಿಂತ ನುಡಿಗಟ್ಟು ಹೆಚ್ಚು ಅಪಾಯಕಾರಿ. ಇಂಗ್ಲಿಷಿನಲ್ಲಿ ಒಬ್ಬನು ಇನ್ನೊಬ್ಬನಿಗೆ ‘ಹ್ಯಾಂಡ್’ ಕೊಟ್ಟನೆಂದರೆ ನೆರವಾದನೆಂದು ಅರ್ಥ. ಅದನ್ನು ಒಬ್ಬ ವಿದ್ಯಾರ್ಥಿ ಪದಶಃ ಭಾಷಾಂತರಿಸಿ, ‘ಕಷ್ಟಕಾಲದಲ್ಲಿ ಗೆಳೆಯನು ನನಗೆ ಕೈಕೊಟ್ಟನು’ ಎಂದು ಬರೆದನು. ಕನ್ನಡದಲ್ಲಿ ಕೈಕೊಟ್ಟವನು ನಡುನೀರಿನಲ್ಲಿ ಬಿಟ್ಟು ಓಡಿದವನು! ಉಪಕಾರಿಯಾದ ಗೆಳೆಯನು ಒಂದೇ ವಾಕ್ಯದಲ್ಲಿ ದ್ರೋಹಿಯಾಗಿಹೋದನು. ನಮ್ಮ ಕೈಗೆ ಎಷ್ಟು ಕೆಲಸ! ಕೈಹಿಡಿ, ಕೈಬಿಡು, ಕೈಮಾಡು, ಕೈಗೂಡು, ಕೈಮೀರು, ಕೈಗುಣ – ಇವುಗಳಲ್ಲಿ ಒಂದನ್ನೂ ಎತ್ತಿ ಇಂಗ್ಲಿಷಿನಲ್ಲಿ ಹಾಗೆಯೇ ಇರಿಸಲಾಗುವುದಿಲ್ಲ. ಇಂಗ್ಲಿಷಿನವನ ಜಡಿಮಳೆಯಲ್ಲಿ ಬೆಕ್ಕುನಾಯಿಗಳು ಬೀಳುತ್ತವೆಂದು ಓದಿ ತರಗತಿಯೆಲ್ಲ ನಕ್ಕಾಗ, ನಮ್ಮ ‘ಮುಸಲಧಾರೆ’ಯಲ್ಲಿ ಬೀಳುವುದೇನೆಂದು ಕೇಳಿದೆವು. ಮುಸಲವೆಂದರೆ ಒನಕೆ. ಒನಕೆಗಿಂತ ಬೆಕ್ಕು ಬಿದ್ದರೆ ತಲೆಗೆ ಕ್ಷೇಮವೆಂದು ಹಿಂದಿನ ಬೆಂಚಿನಿಂದ ಉತ್ತರ ಬಂದಿತು.

ಇಷ್ಟು ಹೊತ್ತು ನಕ್ಕದ್ದಾಯಿತು. ನಗದ ಒಂದು ಪ್ರಸಂಗವೂ ಉಂಟು. ಕಚೇರಿಯೊಂದರಲ್ಲಿ ಜವಾನನಾಗಿದ್ದ ನಮ್ಮ ವಿದ್ಯಾರ್ಥಿಯೊಬ್ಬನು, ತಾಯಿಗೆ ಕಾಯಿಲೆಯೆಂದು ಕಾಗದ ಬರಲು, ಎಂಟು ದಿನದ ರಜೆಗೆ ತಾನೇ ಇಂಗ್ಲಿಷಿನಲ್ಲಿ ಅರ್ಜಿ ಬರೆದನು: ‘ನಾನು ನನ್ನ ನೇಟಿವಿಗೆ ಹೋಗಬೇಕಾಗಿದೆ’. ಅಲ್ಲಿಯ ಅಧಿಕಾರಿ ಅದನ್ನು ಗಟ್ಟಿಯಾಗಿ ಓದಿ, ‘ನಿನ್ನ ನೇಟಿವ್ ಯಾರಪ್ಪ?’ ಎಂದು ಕೇಳಿದಾಗ ಕೋಣೆಯಲ್ಲಿದ್ದವರೆಲ್ಲ ನಕ್ಕರು. ರಜೆ ಸಿಕ್ಕಿತು, ತಾಯಿಯೂ ಗುಣವಾದರು. ಆದರೆ ಊರಿಂದ ಮರಳಿದ ಹುಡುಗನು ಒಂದು ತಿಂಗಳು ಇಂಗ್ಲಿಷು ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಶಾಲೆ ಬಿಡುವ ಮಾತೂ ಆಡಿದನು.

ಅವನಿಗಾಗಿ ನಾವು ಆ ಮಾತನ್ನೇ ಒಂದು ರಾತ್ರಿಯ ಪಾಠ ಮಾಡಿದೆವು. ಲ್ಯಾಟಿನ್ನಿನಲ್ಲಿ ‘ನಾಟುಸ್’ ಎಂದರೆ ಹುಟ್ಟಿದವನು. ನೇಷನ್, ನೇಚರ್, ನೇಟಿವ್, ಎಲ್ಲವೂ ಹುಟ್ಟಿನ ಮಾತುಗಳು. ‘ನೇಟಿವ್’ ಎಂಬುದು ವಿಶೇಷಣವಾದಾಗ ‘ಹುಟ್ಟಿದ’ ಎಂದೂ, ನಾಮಪದವಾದಾಗ ‘ಆ ನೆಲದಲ್ಲಿ ಹುಟ್ಟಿದ ಮನುಷ್ಯ’ ಎಂದೂ ಅರ್ಥ. ಆದ್ದರಿಂದ ‘ನೇಟಿವ್ ಪ್ಲೇಸ್’ ಎಂದಿದ್ದರೆ ಯಾರೂ ಆಕ್ಷೇಪಿಸುವಂತಿರಲಿಲ್ಲ. ಆ ಎರಡನೆಯ ಮಾತು ಬಿದ್ದುಹೋದುದೇ ತೊಡಕು. ಇದು ವ್ಯಾಕರಣ. ವ್ಯಾಕರಣದ ಆಚೆಗೂ ಒಂದು ಕಥೆಯಿದೆ. 1803ರಲ್ಲಿ ಫೋರ್ಟಿನೊಳಗೆ ಭಾರಿ ಬೆಂಕಿ ಬಿದ್ದ ಮೇಲೆ ನಮ್ಮ ಜನ ಹೆಚ್ಚಾಗಿ ಗೋಡೆಯ ಹೊರಗೆ, ಉತ್ತರಕ್ಕೆ ನೆಲೆಸಿದರು. ಆ ಭಾಗವನ್ನು ಇಂಗ್ಲಿಷರು ‘ನೇಟಿವ್ ಟೌನ್’ ಎಂದರು. ಅವರ ಬಾಯಲ್ಲಿ ಆ ಮಾತಿಗೆ ಒಂದು ತಾತ್ಸಾರ ಅಂಟಿಕೊಂಡಿತ್ತು. ಆದರೆ ಆಲದ ಮರದಡಿಯ ದಲ್ಲಾಳಿಗಳು 1875ರಲ್ಲಿ ತಮ್ಮ ಸಂಘಕ್ಕೆ ಹೆಸರಿಡುವಾಗ ಮೊದಲ ಪದವಾಗಿ ಆರಿಸಿಕೊಂಡದ್ದು ಇದನ್ನೇ: ‘ನೇಟಿವ್ ಷೇರ್ ಅಂಡ್ ಸ್ಟಾಕ್ ಬ್ರೋಕರ್ಸ್ ಅಸೋಸಿಯೇಷನ್’. ಎಳಸು, ಮುಗ್ಧ ಎಂಬ ಅರ್ಥದ ‘ನೈವ್’ ಕೂಡ ಫ್ರೆಂಚರ ಮನೆಯಲ್ಲಿ ಬೆಳೆದ ಇದೇ ಮಾತು.

ಹುಡುಗನು ಬರೆಯಬೇಕೆಂದಿದ್ದದ್ದು ‘ಊರು’ ಎಂದು. ಇದಕ್ಕೆ ಇಂಗ್ಲಿಷಿನಲ್ಲಿ ಮಾತಿಲ್ಲ. ವಿಲೇಜ್ ಎಂದರೆ ಹಳ್ಳಿ ಮಾತ್ರವಾಯಿತು, ಟೌನ್ ಎಂದರೆ ಪೇಟೆ ಮಾತ್ರವಾಯಿತು, ಹೋಮ್ ಎಂದರೆ ಮನೆಯ ಹೊಸ್ತಿಲಲ್ಲಿಯೇ ನಿಂತಿತು. ಮುಂಬಯಿಯಲ್ಲಿ ಇಬ್ಬರು ಕನ್ನಡಿಗರು ಸಂಧಿಸಿದರೆ ಮೊದಲ ಪ್ರಶ್ನೆ ‘ನಿಮ್ಮ ಊರು ಯಾವುದು?’ ಎಂದು. ಚೆಂಬೂರು, ಮಾಟುಂಗ ಎಂದು ಉತ್ತರ ಕೊಟ್ಟರೆ ಕೇಳಿದವರಿಗೆ ತೃಪ್ತಿಯಾಗದು; ‘ಅದಲ್ಲ, ಊರು?’ ಎಂದು ಮತ್ತೆ ಕೇಳುತ್ತಾರೆ. ಕುಂದಾಪುರ, ಕಾರ್ಕಳ, ಅಂಕೋಲೆ ಎಂದಾಗ ಮುಖ ಅರಳುತ್ತದೆ. ನೆರೆಯ ಮರಾಠಿಗರು ಬೇಸಗೆಯಲ್ಲಿ ‘ಗಾವಾಲಾ ಜಾತೋ’ ಎಂದು ಗಂಟುಮೂಟೆ ಕಟ್ಟುವಾಗಲೂ ಅವರ ಮನಸ್ಸಿನಲ್ಲಿರುವುದು ಇದೇ. ಇಲ್ಲಿನ ಆಸ್ಪತ್ರೆಯಲ್ಲಿ ಹುಟ್ಟಿ, ಇಲ್ಲಿನ ಚಾಳಿನಲ್ಲಿ ಬೆಳೆದು, ಊರನ್ನು ಮೇ ತಿಂಗಳಲ್ಲಿ ಮಾತ್ರ ಕಂಡ ಮಗುವೂ ‘ನೇಟಿವ್ ಪ್ಲೇಸ್: ಉಡುಪಿ’ ಎಂದು ಬರೆಯುತ್ತದೆ. ಹುಟ್ಟಿದ್ದು ಇಲ್ಲಿ, ಹುಟ್ಟೂರು ಅಲ್ಲಿ! ಲ್ಯಾಟಿನ್ ಬಲ್ಲವನು ಇದು ಸಲ್ಲದೆಂದಾನು, ನಾವು ಸಲ್ಲುತ್ತದೆನ್ನುತ್ತೇವೆ. ಊರು ಎಂಬುದು ಹುಟ್ಟಿದ ಸ್ಥಳವಲ್ಲ, ಕರೆಯುವ ಸ್ಥಳ. ಪಾಠ ಮುಗಿದ ಮೇಲೆ ಆ ಹುಡುಗನು ಎದ್ದು ನಿಂತು, ಅಧಿಕಾರಿಯ ಊರಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕೆಂದು ಕೇಳಿದನು. ಅದು ಅವನು ತಿಂಗಳ ಮೇಲೆ ಕೇಳಿದ ಮೊದಲ ಪ್ರಶ್ನೆ. ಮುಂದೆ ಅವನು ಮೆಟ್ರಿಕ್ ಪಾಸಾದನು.

ಕೊನೆಯದಾಗಿ, ರಾತ್ರಿಶಾಲೆಗೇ ವಿಶೇಷವಾದ ಒಂದು ತೊಡಕು. ಏಳೂವರೆಗೆ ತರಗತಿಗೆ ಬರುವ ಹುಡುಗರು ಬಾಗಿಲಲ್ಲಿ ನಿಂತು ‘ಗುಡ್ ನೈಟ್, ಸರ್’ ಎನ್ನುತ್ತಿದ್ದರು. ಬೆಳಗ್ಗೆ ಗುಡ್ ಮಾರ್ನಿಂಗ್ ಆದರೆ ರಾತ್ರಿ ಗುಡ್ ನೈಟ್ ಆಗಬೇಡವೆ? ಅವರ ತರ್ಕ ಸರಿಯೇ. ಆದರೆ ಇಂ‌ಗ್ಲಿಷಿನಲ್ಲಿ ಗುಡ್ ನೈಟ್ ಎಂಬುದು ಅಗಲುವಾಗಿನ ಮಾತು. ಎಷ್ಟು ಹೊತ್ತಾಗಿದ್ದರೂ ಬರುವವನು ಗುಡ್ ಈವ್ನಿಂಗ್ ಎನ್ನಬೇಕು. ಇದನ್ನು ಹೇಳಿಕೊಟ್ಟೆವು. ಆಗ ಹೋಗುವಾಗಿನ ಪ್ರಶ್ನೆ ಎದ್ದಿತು. ನಮ್ಮಲ್ಲಿ ‘ಹೋಗುತ್ತೇನೆ’ ಎಂದು ಬರಿದೆ ಹೇಳಿ ಹೊರಡುವ ರೂಢಿಯಿಲ್ಲ, ಅದು ಅಶುಭ, ‘ಹೋಗಿ ಬರುತ್ತೇನೆ’ ಎನ್ನಬೇಕು. ಅದನ್ನು ‘ಗೋ ಅಂಡ್ ಕಮ್’ ಎಂದು ಇಂಗ್ಲಿಷಿಗಿಳಿಸಿದರೆ ಕೇಳಿದವನು ಐದು ನಿಮಿಷ ಕಾದು ನಿಂತಾನು. ‘ಗುಡ್‌ಬೈ’ ಎಂಬುದು, ದೇವರು ನಿಮ್ಮೊಡನಿರಲಿ ಎಂಬ ಹಳೆಯ ಇಂಗ್ಲಿಷು ಹರಕೆಯ ಮೊಟಕು ರೂಪ. ಹರಕೆ ಒಳ್ಳೆಯದೇ, ಆದರೆ ಅದರಲ್ಲಿ ಮರಳಿ ಬರುವ ಮಾತಿಲ್ಲ. ಹುಡುಗರು ಈ ತೊಡಕನ್ನು ತಾವೇ ಪರಿಹರಿಸಿಕೊಂಡರು. ಗಂಟೆ ಹೊಡೆದೊಡನೆ ಚೀಲ ಹೆಗಲಿಗೇರಿಸಿ, ಒಂದೇ ಉಸಿರಿಗೆ ‘ಗುಡ್ ನೈಟ್ ಸರ್, ಹೋಗಿ ಬರ್ತೇವೆ’ ಎಂದು ಮೆಟ್ಟಿಲಿಳಿದು ಸ್ಟೇಷನ್ನಿನ ಕಡೆಗೆ ಓಡುತ್ತಿದ್ದರು.